ನಾಣ್ಯದ ಪೆಟ್ಟಿಗೆಗೆ ಕೊಟ್ಟ ದುಡ್ಡಿನಲ್ಲಿ ವಾಪಸ್ ಬರುವುದೆಷ್ಟು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯ ಕೊನೆಯ ಪುಟದಲ್ಲಿ ಒಂದು ದೊಡ್ಡ ಬಣ್ಣದ ಜಾಹೀರಾತು ಇತ್ತು. ಮಖಮಲ್ಲಿನ ಪೆಟ್ಟಿಗೆ, ಒಳಗೆ ಹನ್ನೆರಡು ನಾಣ್ಯ. ಕೆಳಗೆ ‘ತಿಂಗಳಿಗೊಂದು ನಾಣ್ಯ ಮನೆ ಬಾಗಿಲಿಗೆ, ಮೊಮ್ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ’ ಅಂತ ದಪ್ಪ ಅಕ್ಷರ. ಓದಿದ ಕೂಡಲೇ ನನಗೆ ಸಂಕಟವಾಯಿತು. ಹೆಚ್ಚೂಕಡಿಮೆ ಇದೇ ಮಾತು ಬರೆದಿದ್ದ ಚೀಟಿಗಳನ್ನು ನಾನು ನಮ್ಮ ಭಾವನ ಟ್ರಂಕಿನಲ್ಲಿ ಕಟ್ಟುಗಟ್ಟಲೆ ನೋಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೆ ಕಡಿಮೆ ಮಾಡಿ ಬರೆದರೆ ವಿಷಯ ಅರ್ಥವಾಗುವುದಿಲ್ಲ.

ನಾನು 31 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ಹುಡುಗನಾಗಿದ್ದಾಗಿನಿಂದ ನಾಣ್ಯ ಕೂಡಿಡುವ ಹವ್ಯಾಸವೂ ಇದೆ. ಹಾಗಾಗಿ ನಾಣ್ಯ ಸಂಗ್ರಹವೇ ದಂಡ ಅಂತ ಹೇಳುವವನು ನಾನಲ್ಲ. ಒಳ್ಳೆಯ ನಾಣ್ಯಕ್ಕೆ ಮುಖಬೆಲೆಗಿಂತ ಜಾಸ್ತಿ ಕೊಡುವುದೂ ತಪ್ಪಲ್ಲ. ನಾನೂ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ. ನನ್ನ ತಕರಾರು ಇರುವುದು ‘ಆಸ್ತಿ’ ಅನ್ನುವ ಆ ಒಂದು ಪದದ ಬಗ್ಗೆ.

ಭಾವ ತಿಪಟೂರಿನ ಕಡೆ ಹೈಸ್ಕೂಲು ಮೇಷ್ಟ್ರಾಗಿದ್ದರು. 2011ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಒಂದು ಪತ್ರಿಕೆಯಲ್ಲಿ ಕೂಪನ್ ನೋಡಿ, ಕತ್ತರಿಸಿ, ಅಂಚೆಗೆ ಹಾಕಿದರು. 99 ರೂಪಾಯಿಗೆ ಹತ್ತು ದೇಶಗಳ ಹತ್ತು ನಾಣ್ಯ. ಬಂತು. ಚೆನ್ನಾಗಿಯೇ ಇತ್ತು. ಮುಂದಿನ ತಿಂಗಳು ಕೇಳದೇ ಇನ್ನೊಂದು ಪೊಟ್ಟಣ ಬಂತು, ಜೊತೆಗೆ ಒಂದು ಚೀಟಿ: ಇಷ್ಟವಾದರೆ ದುಡ್ಡು ಕಳಿಸಿ ಇಟ್ಟುಕೊಳ್ಳಿ, ಬೇಡವಾದರೆ ಹತ್ತು ದಿನದೊಳಗೆ ವಾಪಸ್ ಕಳಿಸಿ, ಅಂಚೆ ಖರ್ಚು ನಿಮ್ಮದು. ವಾಪಸ್ ಕಳಿಸಬೇಕಾದರೆ ಮತ್ತೆ ಪ್ಯಾಕ್ ಮಾಡಬೇಕಿತ್ತು, ರಿಜಿಸ್ಟರ್ಡ್ ಪೋಸ್ಟ್ ಮಾಡಬೇಕಿತ್ತು, ರಸೀದಿ ಕಾಪಾಡಿಕೊಳ್ಳಬೇಕಿತ್ತು. ಯಾರು ಮಾಡುತ್ತಾರೆ? ಭಾವ ಒಂದನ್ನೂ ವಾಪಸ್ ಮಾಡಲಿಲ್ಲ. ಆಮೇಲೆ ವಿ.ಪಿ.ಪಿ. ಶುರುವಾಯಿತು, ಅಂದರೆ ಅಂಚೆಯವನ ಕೈಗೆ ದುಡ್ಡು ಕೊಟ್ಟು ಪೊಟ್ಟಣ ಬಿಡಿಸಿಕೊಳ್ಳುವುದು. ತಿಂಗಳಿಗೊಮ್ಮೆ ಪೋಸ್ಟ್‌ಮನ್ ಬಂದು ‘ವಿ.ಪಿ. ಬಂದಿದೆ ಮೇಷ್ಟ್ರೇ’ ಅಂತ ಕೂಗುತ್ತಿದ್ದ. ಭಾವ ಪೆನ್ಷನ್ ದುಡ್ಡಿನಿಂದ ಎಣಿಸಿ ಕೊಡುತ್ತಿದ್ದರು. ಮಾಮೂಲಿ ಪೊಟ್ಟಣಕ್ಕೆ ಮೊದಲು ತಿಂಗಳಿಗೆ 950 ರೂಪಾಯಿ, ಕೊನೆಕೊನೆಗೆ 1,650. ಹೀಗೆ ಒಂಬತ್ತು ವರ್ಷ ನಡೆಯಿತು.

ಇದಕ್ಕೆ ದುಡ್ಡು ಹೊಂದಿಸಲು ಅವರು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಉಳಿತಾಯಕ್ಕೆ ಕಟ್ಟುತ್ತಿದ್ದ ಆರ್‌.ಡಿ. ನಿಲ್ಲಿಸಿದ್ದರು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದ್ದರಂತೆ, ‘ನನಗೇನಾದರೂ ಆದರೆ ಚಿಂತೆ ಮಾಡಬೇಡ, ಆ ಟ್ರಂಕಿದೆ’ ಅಂತ.

ಎರಡು ವರ್ಷದ ಹಿಂದೆ ಭಾವ ತೀರಿಕೊಂಡರು. ಕೆಲವು ತಿಂಗಳಾದ ಮೇಲೆ ಅಕ್ಕ ನನ್ನನ್ನು ಕರೆಸಿ ಟ್ರಂಕು ತೆಗೆದು ಕೊಟ್ಟಳು. ಅವಳ ಮಂಡಿ ಆಪರೇಷನ್ನಿಗೆ ದುಡ್ಡು ಬೇಕಿತ್ತು. ಅದರಲ್ಲಿ ಆಲ್ಬಂಗಳು, ಪೆಟ್ಟಿಗೆಗಳು, ಸರ್ಟಿಫಿಕೇಟುಗಳು, ಪ್ರತಿಯೊಂದು ವಿ.ಪಿ. ರಸೀದಿ. ಮೇಷ್ಟ್ರಲ್ವಾ, ಎಲ್ಲ ಕ್ರಮವಾಗಿ ಇಟ್ಟಿದ್ದರು. ರಾತ್ರಿ ಕೂತು ಲೆಕ್ಕ ಹಾಕಿದೆ. ರಸೀದಿ ಪ್ರಕಾರ ಅವರು ಕೊಟ್ಟಿದ್ದು 1,38,400 ರೂಪಾಯಿ. ಮಾರನೆಯ ವಾರ ಬೆಂಗಳೂರಿಗೆ ಹೋಗಿ ಇಬ್ಬರು ನಾಣ್ಯ ವ್ಯಾಪಾರಿಗಳಿಗೆ ತೋರಿಸಿದೆ. ಒಬ್ಬರು ಇಡೀ ಟ್ರಂಕಿಗೆ 31,000 ಅಂದರು. ಇನ್ನೊಬ್ಬರು ಅರ್ಧ ದಿನ ಕೂತು ಒಂದೊಂದೇ ನೋಡಿ 34,500 ಹೇಳಿದರು. ಅವರು ಮೋಸ ಮಾಡುವ ಜನರಲ್ಲ, ನನಗೆ ಪರಿಚಯದವರು. ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ವಾಪಸ್ ಬಂದ ಹಾಗಾಯಿತು. ಆರ್‌.ಡಿ.ಯಲ್ಲಿದ್ದಿದ್ದರೆ ಕಟ್ಟಿದ ಅಸಲಾದರೂ ಪೂರ್ತಿ ಇರುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆ. ‘ನೀವೇ ಆಸ್ತಿ ಅಂದಿದ್ದಿರಲ್ಲ, ನೀವೇ ತಗೊಳ್ಳಿ, ಅರ್ಧ ಬೆಲೆಗಾದರೂ ತಗೊಳ್ಳಿ’ ಅಂದೆ. ‘ನಾವು ಮಾರುವುದು ಮಾತ್ರ ಸರ್, ಕೊಳ್ಳುವುದಿಲ್ಲ’ ಅಂದಳು ಫೋನೆತ್ತಿದ ಹುಡುಗಿ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಉತ್ತರವನ್ನು ಆವತ್ತಿನ ಮೊದಲ ಕೂಪನ್ನಿನಲ್ಲೇ ಅಚ್ಚು ಮಾಡಿದ್ದಿದ್ದರೆ ಭಾವ ಆರ್‌.ಡಿ. ನಿಲ್ಲಿಸುತ್ತಿರಲಿಲ್ಲ.

ಟ್ರಂಕಿನಲ್ಲಿ ಏನೇನಿತ್ತು ಅಂತ ಹೇಳಿದರೆ ಬೆಲೆ ಎಲ್ಲಿ ಸೋರಿಹೋಗುತ್ತದೆ ಅಂತ ಓದುಗರಿಗೆ ತಿಳಿಯುತ್ತದೆ.

ಅಕ್ರಿಲಿಕ್ ಡಬ್ಬಿಯಲ್ಲಿ ಬಸವೇಶ್ವರರ 5 ರೂಪಾಯಿ ನಾಣ್ಯ ಇತ್ತು, 2006ರದ್ದು. ಭಾವ ಅದಕ್ಕೆ ಕೊಟ್ಟಿದ್ದು 350. ಅದೇ ನಾಣ್ಯವನ್ನು ನಾನು ನನ್ನ ಕೌಂಟರಿನಲ್ಲಿ ಕೈಯಾರೆ ಎಣಿಸಿ ಜನರಿಗೆ ಚಿಲ್ಲರೆಯಾಗಿ ಕೊಟ್ಟಿದ್ದೇನೆ! ಸ್ಮರಣಾರ್ಥ ನಾಣ್ಯ ಅಂದರೆ ಎಲ್ಲವೂ ಅಪರೂಪ ಅಂತ ಜನ ತಿಳಿದುಕೊಂಡಿದ್ದಾರೆ. ನಮ್ಮಲ್ಲಿ 1964ರಲ್ಲಿ ನೆಹರೂ ನಾಣ್ಯದಿಂದ ಇದು ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಸ್ಮರಣಾರ್ಥ ನಾಣ್ಯಗಳು ಸಾಮಾನ್ಯ ಚಿಲ್ಲರೆಯಾಗಿ ಬ್ಯಾಂಕುಗಳ ಮೂಲಕ ಹೊರಬಂದಿವೆ. 2012ರ ವೈಷ್ಣೋದೇವಿ 5 ಮತ್ತು 10 ರೂಪಾಯಿ ನಾಣ್ಯಗಳೂ ಹಾಗೆಯೇ. ಅದಕ್ಕೆ ಲಕ್ಷ ಬೆಲೆ ಅಂತ ಮೊಬೈಲಿನಲ್ಲಿ ಬರುವ ಮಾತು ಪೂರ್ತಿ ಸುಳ್ಳು.

ಇನ್ನು ಸರ್ಕಾರದ ಟಂಕಸಾಲೆಯೇ, ಅಂದರೆ ನಾಣ್ಯ ಅಚ್ಚು ಹಾಕುವ ಮಿಂಟೇ, ಸಂಗ್ರಹಕಾರರಿಗಾಗಿ ತಯಾರಿಸುವ ನಾಣ್ಯಗಳು. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ, ಈ ನಾಲ್ಕು ಕಡೆ ನಮ್ಮ ಟಂಕಸಾಲೆಗಳಿವೆ. ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದನ್ನು ಭಾವ ಬೀದಿಯ ಮಕ್ಕಳಿಗೆಲ್ಲ ಹೇಳಿಕೊಟ್ಟಿದ್ದರು, ಆ ಮಕ್ಕಳು ಅಂಗಡಿಯಲ್ಲಿ ಚಿಲ್ಲರೆ ಸಿಕ್ಕರೆ ತಿರುಗಿಸಿ ನೋಡುತ್ತಿದ್ದರು. ಈ ಟಂಕಸಾಲೆಗಳೇ ಬುಕಿಂಗ್ ತೆಗೆದುಕೊಂಡು ನೇರವಾಗಿ ಅಂಚೆಯಲ್ಲಿ ನಾಣ್ಯ ಕಳಿಸುತ್ತವೆ. ಎರಡು ಬಗೆ ಇದೆ. ಯುಎನ್‌ಸಿ ಅಂದರೆ ಮಾಮೂಲಿ ಅಚ್ಚು, ಆದರೆ ಚಲಾವಣೆಗೆ ಹೋಗದೇ ಇದ್ದದ್ದು. ಪ್ರೂಫ್ ಅಂದರೆ ಪಾಲಿಶ್ ಮಾಡಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದದ್ದು, ಹಿನ್ನೆಲೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಟಂಕಸಾಲೆಯೂ ಮುಖಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ತೆಗೆದುಕೊಳ್ಳುತ್ತದೆ, ಅದು ಗೊತ್ತಿರಲಿ. ಅಂಚೆ ವ್ಯಾಪಾರಿ ಅದನ್ನೇ ಅಲ್ಲಿಂದ ತಂದು, ಮೇಲೆ ಮಖಮಲ್ಲಿನ ಡಬ್ಬಿ ಹಾಕಿ, ಇನ್ನಷ್ಟು ಸೇರಿಸಿ ಮಾರುತ್ತಾನೆ. ಟ್ರಂಕಿನಲ್ಲಿ ಅಂಥ ನಾಲ್ಕು ಬೆಳ್ಳಿ ನಾಣ್ಯಗಳಿದ್ದವು, ನಾಲ್ಕನ್ನೂ ಟಂಕಸಾಲೆಯ ಬೆಲೆಗಿಂತ ತುಂಬ ಜಾಸ್ತಿ ಕೊಟ್ಟು ಕೊಂಡದ್ದು.

ಬೆಳ್ಳಿ ಅಂದೆನಲ್ಲ, ಅಲ್ಲೂ ಒಂದು ಮಾತಿದೆ. ಎಷ್ಟೋ ವರ್ಷ ನಮ್ಮ 100 ರೂಪಾಯಿ ಸ್ಮರಣಾರ್ಥ ನಾಣ್ಯಗಳ ತೂಕ 35 ಗ್ರಾಂ, ಅಗಲ 44 ಮಿಲಿಮೀಟರ್. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ನೂರಕ್ಕೆ 40 ಭಾಗ ತಾಮ್ರ, 5 ಭಾಗ ನಿಕ್ಕಲ್, 5 ಭಾಗ ಸತು. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಹೊರಡಿಸಿದ 75 ರೂಪಾಯಿ ನಾಣ್ಯವೂ ಇದೇ ಮಿಶ್ರಣ. ಅಂದರೆ ಒಂದು ನಾಣ್ಯದಲ್ಲಿ ಹದಿನೇಳೂವರೆ ಗ್ರಾಂ ಬೆಳ್ಳಿ. ಕಿಲೋಗೆ 1 ಲಕ್ಷ ಅಂತ ಲೆಕ್ಕ ಹಾಕಿದರೆ 1,750 ರೂಪಾಯಿ ಆಯಿತು. ಇವತ್ತಿನ ದರ ಹಾಕಿ ನೀವೇ ನೋಡಿಕೊಳ್ಳಿ. ಆದರೆ ಆ 1,750 ಕೈಗೆ ಬರುತ್ತದಾ? ನಮ್ಮೂರಿನ ಬೆಳ್ಳಿ ಅಂಗಡಿಯವರು ಮುಟ್ಟಲೂ ಒಪ್ಪಲಿಲ್ಲ. ಅವರು ಹೇಳಿದ್ದು ಸರಿ. 2011ರ ನಾಣ್ಯ ಕಾಯ್ದೆಯಲ್ಲಿ ಸ್ಮರಣಾರ್ಥ ನಾಣ್ಯವೂ ನಾಣ್ಯವೇ, ಅದನ್ನು ಕರಗಿಸುವುದು ಜೈಲುಶಿಕ್ಷೆಯಾಗುವ ಅಪರಾಧ. ಕರಗಿಸಲಾಗದ ಬೆಳ್ಳಿಗೆ ಬೆಳ್ಳಿಯ ಬೆಲೆ ಹೇಗೆ ಬರುತ್ತದೆ? ಇನ್ನೊಬ್ಬ ಸಂಗ್ರಹಕಾರ ಬಂದು ಕೊಳ್ಳಬೇಕು, ಅಷ್ಟೆ. ಅವನೂ ಅದೇ ಜಾಹೀರಾತು ನೋಡಿ ಈಗಾಗಲೇ ಒಂದು ತರಿಸಿಕೊಂಡಿರುತ್ತಾನೆ.

ಇದಕ್ಕಿಂತ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯೇ ವಾಸಿ. ಭಾವನ ಹತ್ತಿರ ಐದನೇ ಜಾರ್ಜ್ ತಲೆಯ ರೂಪಾಯಿಗಳು ಮೂರು ಇದ್ದವು. ಒಂದೊಂದು 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದರೆ ಹತ್ತಿರ ಹತ್ತಿರ 10.7 ಗ್ರಾಂ. ನಮ್ಮ ಅಜ್ಜಿಯರ ಕಾಸಿನ ಡಬ್ಬಿಯಲ್ಲಿ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇರುತ್ತಿದ್ದವಲ್ಲ, ಅವೇ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರ ಹೊತ್ತಿಗೆ ರೂಪಾಯಿ ಪೂರ್ತಿ ನಿಕ್ಕಲ್ ಆಯಿತು. ಭಾವ 2014ರಲ್ಲಿ ಒಂದಕ್ಕೆ 2,400 ಕೊಟ್ಟಿದ್ದಾರೆ. ಆಗ ಬೆಳ್ಳಿ ಕಿಲೋಗೆ 40-45 ಸಾವಿರ ಇತ್ತು. ಅಂದರೆ 480 ರೂಪಾಯಿಯ ಬೆಳ್ಳಿಗೆ ಐದು ಪಟ್ಟು. ಆ ರಾಜನ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾದವು, ಮೇಳದಲ್ಲಿ ಕೇಳಿದಷ್ಟು ಸಿಗುತ್ತವೆ. ಬೆಳ್ಳಿ ಏರಿದ್ದರಿಂದ ಈಗ ಸ್ವಲ್ಪ ಮೇಲೆ ಬಂದಿದೆ, ಅದು ಬೆಳ್ಳಿಯ ದಯೆ. ಅದೇ ದುಡ್ಡಿಗೆ ಆವತ್ತೇ ಗಟ್ಟಿ ಬೆಳ್ಳಿ ತಂದಿಟ್ಟಿದ್ದರೆ ಐದು ಪಟ್ಟು ಬೆಳ್ಳಿ ಇರುತ್ತಿತ್ತು.

ನಿಜವಾಗಿ ಅಪರೂಪದವು ಇಲ್ಲವೇ ಅಂದರೆ, ಇವೆ. 1911ರ ರೂಪಾಯಿಯ ಕಥೆ ಎಷ್ಟೋ ಜನ ಕೇಳಿರಬಹುದು. ಅದರಲ್ಲಿ ರಾಜನ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ, ಸರ್ಕಾರ ಹೊರಗೆ ಬಿಡದೆ ಉಳಿದ ನಾಣ್ಯಗಳನ್ನೆಲ್ಲ ಕರಗಿಸಿ, ಮುಂದಿನ ವರ್ಷ ಚಿತ್ರ ತಿದ್ದಿ ಹೊಸದು ತಂದಿತು. 1939ರ ಆರನೇ ಜಾರ್ಜ್ ರೂಪಾಯಿಯೂ ಸಿಗುವುದು ಕಷ್ಟ. ಆದರೆ ಬೆಲೆ ಇರುವ ಕಡೆಯೇ ನಕಲಿ ಹುಟ್ಟುತ್ತದೆ. ಇಂಥ ನಾಣ್ಯವನ್ನು ಕೈಯಲ್ಲಿ ಹಿಡಿಯದೆ, ತೂಕ ನೋಡದೆ, ಅಂಚು ನೋಡದೆ, ಬರೀ ಚಿತ್ರ ನೋಡಿ ಅಂಚೆಯಲ್ಲಿ ತರಿಸುವುದು ಅಂದರೆ ಕಣ್ಣು ಮುಚ್ಚಿಕೊಂಡು ಬಾವಿ ಹಾರಿದ ಹಾಗೆ.

ನನಗೆ ತುಂಬ ಬೇಜಾರಾದದ್ದು ಎರಡು ವಸ್ತು ನೋಡಿ. ಒಂದು, ಚಿನ್ನದ ನೀರು ಹಾಕಿದ 10 ರೂಪಾಯಿ ನಾಣ್ಯ. ಮೇಲೆ ದೇವರ ಚಿತ್ರದ ಬಣ್ಣದ ಅಚ್ಚು, 1,500 ರೂಪಾಯಿ. ‘24 ಕ್ಯಾರೆಟ್’ ಅಂತ ದೊಡ್ಡದಾಗಿ ಬರೆದಿದ್ದರು. ಆ ನೀರಿನಲ್ಲಿರುವ ಚಿನ್ನ ಎಷ್ಟು ಅಂತ ಯಾವ ಅಕ್ಕಸಾಲಿಗರನ್ನಾದರೂ ಕೇಳಿ, ತಕ್ಕಡಿಗೆ ಸಿಗುವಷ್ಟೂ ಇರುವುದಿಲ್ಲ. ನಾಣ್ಯದ ಮೂಲ ಮೇಲ್ಮೈ ಹಾಳಾದ ಮೇಲೆ ಸಂಗ್ರಹಕಾರರು ಅದನ್ನು ಮುಟ್ಟುವುದಿಲ್ಲ. ಮುಖಬೆಲೆ 10 ರೂಪಾಯಿ ಮಾತ್ರ ಉಳಿಯುತ್ತದೆ, ಅದನ್ನೂ ಅಂಗಡಿಯವರು ತೆಗೆದುಕೊಳ್ಳಲು ಅನುಮಾನಿಸುತ್ತಾರೆ.

ಎರಡನೆಯದು, ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತ ಬರೆದ ದಪ್ಪ ತಾಮ್ರದ ನಾಣ್ಯ. ಒಂದು ಮಗ್ಗುಲಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಮಗ್ಗುಲಲ್ಲಿ ‘ಯುಕೆಎಲ್ ಒನ್ ಆಣಾ’. ಭಾವ ಇದಕ್ಕೆ 4,800 ಕೊಟ್ಟಿದ್ದಾರೆ. ಅದನ್ನು ದೇವರ ಮನೆಯಲ್ಲಿಟ್ಟು ಪೂಜೆಯನ್ನೂ ಮಾಡುತ್ತಿದ್ದರು. ಕಂಪನಿ ಇಂಥ ನಾಣ್ಯ ಹೊರಡಿಸಲೇ ಇಲ್ಲ. ಇವು ಈಚೆಗೆ ಎರಕ ಹೊಯ್ದೋ ಅಚ್ಚು ಒತ್ತಿಯೋ ಮಾಡಿದ ಬಿಲ್ಲೆಗಳು. ಒಂದರ ಮೇಲೆ 1616, ಇನ್ನೊಂದರ ಮೇಲೆ 1717, ಮನಸ್ಸಿಗೆ ಬಂದ ಇಸವಿ ಹಾಕಿರುತ್ತಾರೆ. ದೇವಸ್ಥಾನದ ಬಿಲ್ಲೆಗಳು, ರಾಮಟಂಕೆಗಳು ನಮ್ಮಲ್ಲಿ ಹಿಂದಿನಿಂದ ಇದ್ದವು, ಅವುಗಳ ಮರ್ಯಾದೆ ಬೇರೆ. ಇವು ಜನರ ಭಕ್ತಿಯನ್ನು ಕಂಪನಿಯ ಹೆಸರಿಗೆ ಅಂಟಿಸಿ ದುಡ್ಡು ಮಾಡಲು ಹುಟ್ಟಿದವು. ಇದು ನಕಲಿ ಅಂತ ಅಕ್ಕನಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು.

ಪ್ರತಿಯೊಂದಕ್ಕೂ ಸರ್ಟಿಫಿಕೇಟ್ ಇತ್ತು. ಗಟ್ಟಿ ಕಾಗದ, ಬಂಗಾರದ ಅಂಚು, ಕೆಳಗೆ ಸಹಿ. ಸಹಿ ಯಾರದು ಅಂದರೆ ಮಾರಿದವನದೇ. ಮಾವಿನಹಣ್ಣು ಮಾರುವವನು ‘ಸಿಹಿಯಾಗಿದೆ’ ಅಂದಷ್ಟೇ ಅದರ ತೂಕ. ಹೊರಗಿನ ಸಂಸ್ಥೆಯೊಂದು ನಾಣ್ಯ ಪರೀಕ್ಷೆ ಮಾಡಿ, ದರ್ಜೆ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುವ ಪದ್ಧತಿ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು, ಈಗ ನಮ್ಮಲ್ಲೂ ಹರಾಜುಗಳಲ್ಲಿ ನಡೆಯುತ್ತದೆ. ಅದಕ್ಕೆ ಬೆಲೆ ಇದೆ. ಮಾರುವವನೇ ಬರೆದುಕೊಂಡ ಕಾಗದಕ್ಕೆ ಇಲ್ಲ.

ಇನ್ನೂ ಒಂದು ನಷ್ಟ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಜೊತೆಗೆ ಕೊಟ್ಟಿದ್ದ ಆಲ್ಬಂ ಹಾಳೆಗಳು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್. ಕೆಲವು ವರ್ಷ ಕಳೆದರೆ ಅದು ನಾಣ್ಯಕ್ಕೆ ಹಸಿರು ಜಿಗುಟು ಬಿಡುತ್ತದೆ. ತಾಮ್ರದ ನಾಣ್ಯಗಳೆಲ್ಲ ಹಾಗೆಯೇ ಆಗಿದ್ದವು. ಭಾವ ಪಾಪ, ಅದನ್ನು ನೋಡಿ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವ ಹಾಗೆ ಮಾಡಿದ್ದರು. ಹಳೆಯ ನಾಣ್ಯವನ್ನು ತಿಕ್ಕಿ ತೊಳೆದರೆ ಬೆಲೆ ಹೋಯಿತು, ಇದು ಈ ಹವ್ಯಾಸದ ಮೊದಲ ಪಾಠ. ಒಂಬತ್ತು ವರ್ಷದಲ್ಲಿ ನೂರೆಂಟು ಚೀಟಿ ಕಳಿಸಿದವರು ಈ ಒಂದು ಸಾಲು ಬರೆಯಲಿಲ್ಲ.

ಅಮೆರಿಕದಲ್ಲಿ ಇದು ಹಳೆಯ ಕಥೆ. ಅಲ್ಲಿ 1964ರಲ್ಲಿ ಶುರುವಾದ ಫ್ರಾಂಕ್ಲಿನ್ ಮಿಂಟ್ ಅನ್ನುವ ಖಾಸಗಿ ಕಂಪನಿ ಚಂದಾ ಪಡೆದು ತಿಂಗಳು ತಿಂಗಳು ಬೆಳ್ಳಿ ಪದಕಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಜನ ಅವನ್ನು ಪೆಟ್ಟಿಗೆಯಲ್ಲಿಟ್ಟು ಕಾದರು. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಆ ಪದಕಗಳಲ್ಲಿ ಎಷ್ಟೋ ಕುಲುಮೆಗೆ ಹೋದವು, ಯಾಕೆಂದರೆ ಪದಕ ಅಂತ ಕೊಳ್ಳುವವರಿಗಿಂತ ಬೆಳ್ಳಿ ಅಂತ ಕೊಳ್ಳುವವರೇ ಜಾಸ್ತಿ ಕೊಡುತ್ತಿದ್ದರು. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗ ಒಮ್ಮೆ ಬರುವಾಗ ನನಗೆ ಅಂತ ಅಲ್ಲಿನ ಐವತ್ತು ರಾಜ್ಯಗಳ ಕ್ವಾರ್ಟರುಗಳ, ಅಂದರೆ ಕಾಲು ಡಾಲರ್ ನಾಣ್ಯಗಳ ಪೆಟ್ಟಿಗೆ ತಂದಿದ್ದ, ಚಿನ್ನದ ನೀರು ಹಾಕಿದ್ದು. 1999ರಿಂದ 2008ರವರೆಗೆ ಅವು ಚಲಾವಣೆಗೇ ಬಂದವು. ಐವತ್ತು ಸೇರಿದರೆ ಮುಖಬೆಲೆ ಹನ್ನೆರಡೂವರೆ ಡಾಲರ್. ಅವನು ಅದಕ್ಕೆ ಎಷ್ಟು ಕೊಟ್ಟ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರೀತಿಯಿಂದ ತಂದದ್ದು. ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಊರಿಗೆ ಬಂದಾಗ ಮನೆಯ ನೂರು ವರ್ಷ ದಾಟಿದ ನಾಣ್ಯಗಳನ್ನು ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ಅವನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ.

ಹಾಗಾದರೆ ಜಾಸ್ತಿ ದುಡ್ಡು ಕೊಟ್ಟು ನಾಣ್ಯ ಕೊಳ್ಳಲೇಬಾರದಾ? ಕೊಳ್ಳಬಹುದು. ನನ್ನ ಹತ್ತಿರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ತಾಮ್ರದ ಕಾಸು ಇದೆ. ಒಂದು ಕಡೆ ಆನೆ, ಇನ್ನೊಂದು ಕಡೆ ಕನ್ನಡದಲ್ಲಿ ‘ಮಯಿಲಿ ಕಾಸು’, ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ. ಸವೆದಿದೆ. ತಾಮ್ರಕ್ಕೆ ನಾಲ್ಕು ಕಾಸೂ ಬರುವುದಿಲ್ಲ. ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ 600 ರೂಪಾಯಿ ಕೊಟ್ಟು ತಂದೆ. ಇನ್ನೂರು ವರ್ಷದ ಹಿಂದೆ ಯಾರೋ ನಮ್ಮ ಸೀಮೆಯವರೇ ಈ ಕಾಸು ಕೊಟ್ಟು ಸಂತೆಯಲ್ಲಿ ಏನೋ ಕೊಂಡಿದ್ದಾರೆ, ಅದರ ಮೇಲಿನ ಅಕ್ಷರವನ್ನು ನಾನು ಇವತ್ತೂ ಓದಬಲ್ಲೆ. ಆ 600 ನನಗೆ ವಾಪಸ್ ಬರಬೇಕಿಲ್ಲ. ಸಿನಿಮಾಕ್ಕೆ, ಪ್ರವಾಸಕ್ಕೆ ಕೊಟ್ಟ ಹಾಗೆ ಅದನ್ನು ಖರ್ಚಿಗೆ ಬರೆದುಬಿಟ್ಟಿದ್ದೇನೆ. ಆರ್‌.ಡಿ. ಕಡೆಯಿಂದ ತೆಗೆದಿಲ್ಲ.

ಅಕ್ಕನೂ ನನಗೆ ಇದನ್ನೇ ಹೇಳಿದಳು. ‘ಅವರು ತಿಂಗಳಿಗೊಮ್ಮೆ ಆ ಪೊಟ್ಟಣ ಬಿಚ್ಚುವಾಗ ಮುಖ ಹೇಗಿರುತ್ತಿತ್ತು ಅಂತ ನೀನು ನೋಡಿಲ್ಲ ಕಣೋ. ಅದಕ್ಕೆ ಲೆಕ್ಕ ಹಾಕಬೇಡ’ ಅಂದಳು. ಒಪ್ಪಿದೆ. ಆ ಖುಷಿಗೆ 1,38,400ರಲ್ಲಿ ಒಂದು ಪಾಲು ಹೋಗಲಿ. ಆದರೆ ಮೇಷ್ಟ್ರು ಖುಷಿಗೆ ಅಂತ ಅಷ್ಟು ಕೊಡುವವರಲ್ಲ. ಅವರ ಅಂಗಿಯ ಕಾಲರ್ ಸವೆದರೆ ತಿರುಗಿಸಿ ಹೊಲಿಸುತ್ತಿದ್ದರು. ಅಕ್ಕನಿಗೆ ಆಗುತ್ತದೆ ಅಂತ ಕೊಟ್ಟರು. ಹಾಗಂತ ಬರವಣಿಗೆಯಲ್ಲಿ ನಂಬಿಸಿದವರು ಇದ್ದಾರೆ, ಆ ಬರವಣಿಗೆ ಅಚ್ಚಾಗಿ ಬಂದ ಪತ್ರಿಕೆಗಳೂ ಇವೆ. ಮೇಷ್ಟ್ರು ಪತ್ರಿಕೆಯಲ್ಲಿ ಬಂದದ್ದನ್ನು ನಂಬುವ ತಲೆಮಾರಿನವರು.

ಇದೇ ಜನರಿಗೆ ಈಗ ಎದುರಿನಿಂದಲೂ ಗಾಳ ಬೀಳುತ್ತಿದೆ. ನಿಮ್ಮ ಹತ್ತಿರ ಇಂಥ ನಾಣ್ಯ ಇದ್ದರೆ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ತೆರಿಗೆ ಕಟ್ಟಿ ಅಂತ ಫೋನ್ ಬರುತ್ತದೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳುತ್ತಾರೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಶುಲ್ಕ ಕಟ್ಟಬೇಡಿ ಅಂತ ಹೇಳಿದೆ. ಅಂಚೆಯಲ್ಲಿ ನಾಣ್ಯ ತರಿಸಿಕೊಂಡು ಕೊನೆಗೆ ಮಾರಲಾಗದೆ ಕೂತವರೇ ಈ ಬಲೆಗೆ ಬೇಗ ಬೀಳುತ್ತಾರೆ, ಯಾಕೆಂದರೆ ಯಾರೋ ಒಬ್ಬರು ಕೊನೆಗೂ ಬೆಲೆ ಕೊಡುತ್ತಾರೆ ಅಂತ ಅವರ ಮನಸ್ಸು ಕಾಯುತ್ತಿರುತ್ತದೆ.

ಕೊಳ್ಳುವ ಆಸೆ ಇರುವವರಿಗೆ ನಾನು ಹೇಳುವುದು ಜಾಸ್ತಿ ಏನಿಲ್ಲ. ಫೋನ್ ಮಾಡಿ, ‘ಇದನ್ನು ನಾಳೆ ವಾಪಸ್ ತಂದರೆ ಎಷ್ಟಕ್ಕೆ ತಗೊಳ್ತೀರಿ?’ ಅಂತ ಒಂದೇ ಪ್ರಶ್ನೆ ಕೇಳಿ. ಒಳ್ಳೆಯ ವ್ಯಾಪಾರಿ ಒಂದು ಅಂಕಿ ಹೇಳುತ್ತಾನೆ. ಅದು ಮಾರುವ ಬೆಲೆಗಿಂತ ಕಡಿಮೆ ಇರುತ್ತದೆ, ಅವನಿಗೂ ಬಾಡಿಗೆ, ಸಂಬಳ ಇದೆಯಲ್ಲ, ಅದು ನ್ಯಾಯ. ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಖರ್ಚು. ಅಂಕಿ ಹೇಳದೆ ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ. ಸರ್ಕಾರ ಹೊರಡಿಸುವ ಪ್ರತಿ ನಾಣ್ಯದ ಲೋಹ, ತೂಕ, ಅಳತೆ ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಈಗಿನ ಸರ್ಕಾರದ್ದು ಅಂತ ಮಾರುವುದು ಅಲ್ಲಿ ಇಲ್ಲದಿದ್ದರೆ ಅದು ನಾಣ್ಯವಲ್ಲ, ಯಾರೋ ಮಾಡಿದ ಬಿಲ್ಲೆ. ಟಂಕಸಾಲೆಯ ಬೆಲೆ ಎಷ್ಟು ಅಂತ ಮೊದಲು ನೋಡಿಕೊಂಡು ಆಮೇಲೆ ಡಬ್ಬಿಯವನ ಬೆಲೆ ನೋಡಿ.

ಸಂಪಾದಕರೇ, ನಿಮ್ಮನ್ನೂ ಒಂದು ಕೇಳುತ್ತೇನೆ. ಜಾಹೀರಾತು ಪತ್ರಿಕೆಯ ಹೊಟ್ಟೆಪಾಡು, ಬೇಡ ಅನ್ನುವುದಿಲ್ಲ. ಆದರೆ ಹಾಕುವ ಮುಂಚೆ ಅವರಿಂದ ನಾಲ್ಕು ಮಾತು ಬರೆಸಿಕೊಳ್ಳಿ: ಲೋಹ ಯಾವುದು, ತೂಕ ಎಷ್ಟು, ಸರ್ಕಾರ ಹೊರಡಿಸಿದ್ದೋ ಅಲ್ಲವೋ, ವಾಪಸ್ ಕೊಳ್ಳುತ್ತಾರೋ ಇಲ್ಲವೋ. ಇವನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಜಾಹೀರಾತಿನೊಳಗೇ ಹಾಕಿಸಿ. ‘ಆಸ್ತಿ’ ಅಂತ ಬರೆಯಬೇಕಾದರೆ ಕೊನೆಯದಕ್ಕೆ ‘ಕೊಳ್ಳುತ್ತೇವೆ’ ಅಂತ ಉತ್ತರ ಇರಲೇಬೇಕು ಅಂತ ನಿಯಮ ಮಾಡಿ.

ಟ್ರಂಕನ್ನು ಕೊನೆಗೆ 34,500ಕ್ಕೇ ಕೊಟ್ಟೆವು. ಉಳಿದ ದುಡ್ಡು ನಾನು, ನನ್ನ ತಮ್ಮ ಸೇರಿ ಹಾಕಿದೆವು, ಅಕ್ಕನ ಮಂಡಿ ಆಪರೇಷನ್ ಆಯಿತು, ಈಗ ಓಡಾಡುತ್ತಾಳೆ. ಬಸವೇಶ್ವರರ 5 ರೂಪಾಯಿ ನಾಣ್ಯ ಮಾತ್ರ ಅವಳು ಕೊಡಲಿಲ್ಲ. ಡಬ್ಬಿಯಿಂದ ತೆಗೆದು, ಭಾವನ ಫೋಟೋದ ಮುಂದೆ ಇಟ್ಟಿದ್ದಾಳೆ.

ಮುಂದಿನ ಭಾನುವಾರವೂ ಆ ಜಾಹೀರಾತು ಬರುತ್ತದೆ ಅಂತ ಕಾಣುತ್ತದೆ, ‘ಎರಡು ವಾರ ಮಾತ್ರ’ ಅಂತ ಅದರಲ್ಲೇ ಬರೆದಿತ್ತು. ಅಷ್ಟರೊಳಗೆ ಅವರಿಗೆ ನಿಮ್ಮ ಕಡೆಯಿಂದ ಒಂದು ಫೋನ್ ಹೋಗಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ನಿವೃತ್ತ ಬ್ಯಾಂಕ್ ನೌಕರ
ಶಿವಮೊಗ್ಗ